ನಿಂತ ಕಿಟಕಿ

ನಮ್ಮೂರಲ್ಲಿ ಇಬ್ಬರು ಎದುರಾದರೆ ಊಟ ಆಯಿತಾ ಅಂತ ಕೇಳುವುದಕ್ಕಿಂತ ಮೊದಲು “ಬಾಗಿಲು ಎಲ್ಲಿಗೆ ಬಂತು?” ಅಂತ ಕೇಳುತ್ತಾರೆ. ಗೋಡೆಗೆ ಕೂಡಿಸಿದ ಮರ, ಬಾಗಿಲಾಗಲಿ ಕಿಟಕಿಯಾಗಲಿ, ನಮ್ಮಲ್ಲಿ ಒಂದೇ ಕಡೆ ನಿಲ್ಲುವುದಿಲ್ಲ. ತಿಂಗಳಿಗೆ ಅರ್ಧ ಮೊಳದಂತೆ, ಹೊರಗೆ ನಿಂತು ನೋಡಿದರೆ ಎಡದಿಂದ ಬಲಕ್ಕೆ, ಸರಿದುಕೊಂಡು ಹೋಗುತ್ತದೆ. ಸರಿಯುವುದನ್ನು ಕಣ್ಣಾರೆ ಕಂಡವರಿಲ್ಲ. ಬಿಟ್ಟುಹೋದ ಜಾಗವನ್ನು ಗೋಡೆ ತಾನೇ ತುಂಬಿಕೊಳ್ಳುತ್ತದೆ, ಸುಣ್ಣ ಮಾತ್ರ ನಾವೇ ಬಳಿದುಕೊಳ್ಳಬೇಕು. ಬಳಿಯದ ಮನೆಗಳ ಗೋಡೆಯ ಮೇಲೆ ಬಸವನಹುಳು ಹೋದ ಹಾಗೆ ಮಣ್ಣಿನ ಪಟ್ಟಿ ಕಾಣುತ್ತದೆ. ಮಂಚ, ಕಪಾಟು ಯಾವುದನ್ನೂ ನಾವು ಗೋಡೆಗೆ ಒತ್ತಿ ಇಡುವುದಿಲ್ಲ. ಹೆಣ್ಣು ನೋಡಲು ಹೋದವರು ಮನೆಯ ಬಾಗಿಲು ಮದುವೆಯ ಹೊತ್ತಿಗೆ ಚರಂಡಿಯ ಕಡೆ ಬಂದಿರುತ್ತದೋ ಏನೋ ಅಂತ ಬೆರಳು ಮಡಿಸಿ ಲೆಕ್ಕ ಹಾಕುತ್ತಾರೆ. ಅಷ್ಟು ಬಿಟ್ಟರೆ ನಮ್ಮದೂ ಎಲ್ಲ ಊರಿನ ಹಾಗೇ ಒಂದು ಊರು.

ನನ್ನ ಹೆಸರು ಅಮರ. ಬಡಗಿ ಮೌನೇಶಾಚಾರಿಯ ಮಗಳು. ಈ ಊರಿನ ಬಡಗಿಗೆ ಹೊಸ ಕಿಟಕಿ ಮಾಡುವುದಕ್ಕಿಂತ ಹಳೆಯದನ್ನು ಕಳಚಿ ಕೂಡಿಸುವ ಕೆಲಸವೇ ಹೆಚ್ಚು. ಗೋಡೆಯ ಕೊನೆಗೆ ಬಂದು ಮುಟ್ಟಿದ ಕಿಟಕಿಯನ್ನು ಕಿತ್ತು ಮತ್ತೆ ಗೋಡೆಯ ಮೊದಲಿಗೆ ಕೂಡಿಸಬೇಕು. ಅಪ್ಪ ನಲವತ್ತು ವರ್ಷ ಅದನ್ನೇ ಮಾಡಿದ. ಅವನ ಮಂಡಿ ಸೋತ ಮೇಲೆ ಕಾರ್ಖಾನೆ ನನ್ನ ಕೈಗೆ ಬಂತು. ನನಗೋ ಮೊದಲಿನಿಂದ ಒಂದೇ ಹುಳ ತಲೆಯಲ್ಲಿ. ನಿಲ್ಲುವ ಕಿಟಕಿ ಮಾಡಲು ಸಾಧ್ಯವೇ ಇಲ್ಲವೇ?

ಬೇರೆಯವರೂ ಪ್ರಯತ್ನಪಡದೆ ಇರಲಿಲ್ಲ. ಕಬ್ಬಿಣದ ಕಿಟಕಿಯನ್ನು ನಮ್ಮ ಮಣ್ಣಿನ ಗೋಡೆ ಹಿಡಿಯುವುದಿಲ್ಲ. ಬಿಸಿಲಿಗೆ ಕಾದು, ಸುತ್ತಲಿನ ಮಣ್ಣು ಉದುರಿ, ಒಂದೇ ವರ್ಷದಲ್ಲಿ ಅಲುಗಾಡುವ ಹಲ್ಲಿನಂತಾಗುತ್ತದೆ. ಹೊರಗಿನ ವ್ಯಾಪಾರಿಯೊಬ್ಬ ಬರೀ ಪ್ಲಾಸ್ಟಿಕ್ಕಿನ ಚೌಕಟ್ಟು ತಂದು ಮಾರಿದ್ದ. ನಡೆಯಲಿಲ್ಲ, ನಿಜ. ಆದರೆ ಚೈತ್ರದ ಬಿಸಿಲಿಗೆ ಹಪ್ಪಳದ ಹಾಗೆ ಸೊಟ್ಟಗಾಗಿ, ಬಾಗಿಲು ಹಾಕಿದರೆ ಮೂರು ಬೆರಳು ಸಂದಿ ಬಿಡುತ್ತಿತ್ತು. ಹಾಗಾದರೆ ಎರಡನ್ನೂ ಬೆರೆಸಿದರೆ? ಬಾಗದಿರುವುದಕ್ಕೆ ಮರದ ನಾರು, ನಡೆಯದಿರುವುದಕ್ಕೆ ಪ್ಲಾಸ್ಟಿಕ್ಕು. ಮುಚ್ಚಿಹೋದ ಪೈಪಿನ ಕಾರ್ಖಾನೆಯಿಂದ ಒಂದು ಹಳೆಯ ಯಂತ್ರ ತಂದೆ. ಕಾದ ಕೊಳವೆಯೊಳಗೆ ತಿರುಪು ತಿರುಗುತ್ತ ಹಿಟ್ಟನ್ನು ಮುಂದಕ್ಕೆ ತಳ್ಳುತ್ತದೆ, ಬಾಯಿಗೆ ಯಾವ ಅಚ್ಚು ಇಟ್ಟರೆ ಆ ಆಕಾರದ ಪಟ್ಟಿ ಹೊರಗೆ ಬರುತ್ತದೆ. ಅಪ್ಪ ಅದಕ್ಕೆ ಚಕ್ಕುಲಿ ಒರಳು ಅಂತ ಹೆಸರಿಟ್ಟ. ಅದರಿಂದ ಬಂದ ಹಲಗೆಗೆ ಸೆಗಣಿ ಹಲಗೆ ಅಂದ. ಬಣ್ಣ ನೋಡಿದರೆ ಹಾಗೇ ಇತ್ತು.

ಸಾಮಿಲ್ಲಿನಿಂದ ಮೂಟೆಗಟ್ಟಲೆ ಮರದ ಹೊಟ್ಟು ಬಂತು. ಒಡೆದ ಬಕೆಟ್ಟು, ಎಣ್ಣೆ ಡಬ್ಬ, ಹಾಲಿನ ಕ್ರೇಟು ಎಲ್ಲ ಪುಡಿಯಾದವು. ಮೊದಲ ತಿಂಗಳು ಏನು ಮಾಡಿದರೂ ಹಲಗೆಯೊಳಗೆ ಗುಳ್ಳೆ ಏಳುತ್ತಿತ್ತು. ಹೊಟ್ಟಿನಲ್ಲಿ ಉಳಿದ ಪಸೆ ಆವಿಯಾಗಿ ಪೂರಿಯ ಹಾಗೆ ಉಬ್ಬಿಸುತ್ತಿದೆ ಅಂತ ತಿಳಿದ ಮೇಲೆ ಹೊಟ್ಟನ್ನು ಬಿಸಿಲಿಗೆ ಹರಡಿ, ಆಮೇಲೆ ದೊಡ್ಡ ಬಾಣಲೆಯಲ್ಲಿ ರವೆ ಹುರಿದಂತೆ ಹುರಿಯಲು ಶುರುಮಾಡಿದೆ. ಆಗ ಗಟ್ಟಿ ಹಲಗೆ ಬಂತು. ಮೊಳೆ ಹೊಡೆದರೆ ಸೀಳುತ್ತಿರಲಿಲ್ಲ, ಗೆದ್ದಲು ಮೂಸಿಯೂ ನೋಡುತ್ತಿರಲಿಲ್ಲ.

ಆ ಹೊತ್ತಿಗೆ ಸರಿಯಾಗಿ ಲೋಲಾಕ್ಷಮ್ಮ ಬಂದರು. ಜಿನ್ನಿಂಗ್ ಮಿಲ್ಲಿನ ಹಿಂದಿನ ಸಾಲುಮನೆಯಲ್ಲಿ ಬಟ್ಟೆ ಹೊಲಿಯುವಾಕೆ. ಐವತ್ತರ ಹತ್ತಿರ ವಯಸ್ಸು, ಒಂಟಿ ಜೀವ, ಕುತ್ತಿಗೆಯಲ್ಲಿ ಸದಾ ಅಳತೆ ಟೇಪು.

“ನಿಲ್ಲೋ ಕಿಟಕಿ ಮಾಡ್ತಿದ್ದೀಯಂತೆ, ಹೌದೇನೆ?” ಅಂದರು.

“ಮಾಡ್ತಿದ್ದೀನಕ್ಕ. ನಿಲ್ಲುತ್ತೆ ಅಂತ ಇನ್ನೂ ಹೇಳೋಕಾಗಲ್ಲ.”

“ನಿಲ್ಲಿಸು. ಮೊದಲನೇದು ನಂಗೆ ಬೇಕು.”

ಅವರ ಸಾಲಿನ ಕಥೆ ನನಗೆ ಅಪ್ಪನಿಂದ ಗೊತ್ತಿತ್ತು. ಆರು ಮನೆ, ಒಂದೇ ಮಾಡು. ಮುಂದಿನ ಗೋಡೆ ಇಟ್ಟಿಗೆಯದು, ಅದರಲ್ಲಿ ಆರು ಬಾಗಿಲು. ಒಂದು ಬಾಗಿಲು ಪಕ್ಕದ ಮನೆಗೆ ದಾಟಿತು ಅಂದರೆ ಇತ್ತಲಿಂದ ಇನ್ನೊಂದು ಬಂದೇ ಬಂತು. ದಾಟಿದ ದಿನ ಬೀಗದ ಕೈಯನ್ನು ಪಕ್ಕದವರಿಗೆ ಕೊಟ್ಟರೆ ಮುಗಿಯಿತು. ತೊಂದರೆ ಇದ್ದದ್ದು ಹಿಂದಿನ ಗೋಡೆಯಲ್ಲಿ. ಅದು ಹಳೆಯ ಮಣ್ಣಿನ ಗೋಡೆ. ಅದರಾಚೆ ಬಯಲು, ಗಾಳಿ ಬೆಳಕು ಎರಡೂ ಅಲ್ಲಿಂದಲೇ. ಆ ಗೋಡೆಗೆ ಇರುವುದು ಮೂರೇ ಕಿಟಕಿ. ಹಿಂದೊಮ್ಮೆ ಯಾರೋ ನಾಲ್ಕನೆಯದಕ್ಕೆ ಕಂಡಿ ಕೊರೆದಾಗ ಗೋಡೆ ಕುಸಿದು ಇಬ್ಬರ ಕಾಲು ಮುರಿದಿತ್ತು, ಆಮೇಲೆ ಯಾರೂ ಆ ಮಾತೆತ್ತಲಿಲ್ಲ. ಮೂರು ಕಿಟಕಿಗಳು ಮೊದಲ ಮನೆಯಿಂದ ಆರನೆಯ ಮನೆಯ ಕಡೆಗೆ ನಡೆಯುತ್ತವೆ. ಒಂದೊಂದು ಮನೆ ದಾಟಲು ಒಂದು ವರ್ಷ. ಕೊನೆ ಮುಟ್ಟಿದ್ದನ್ನು ಅಪ್ಪ ಕಳಚಿ ಮತ್ತೆ ಮೊದಲ ಮನೆಗೆ ಕೂಡಿಸುತ್ತಿದ್ದ. ಅಪ್ಪನಿಗೆ ಬಿಡುವಾದಾಗ ಕೂಡಿಸುತ್ತಿದ್ದುದರಿಂದ ನಡುವಿನ ಅಂತರ ಸಮವಿರಲಿಲ್ಲ. ಒಮ್ಮೊಮ್ಮೆ ವರ್ಷ ಬಿಟ್ಟು ವರ್ಷ ಕಿಟಕಿ, ಒಮ್ಮೊಮ್ಮೆ ಎರಡು ವರ್ಷ ಕತ್ತಲೆ.

“ಕಿಟಕಿ ಈಗಷ್ಟೇ ನನ್ನ ಮನೆಗೆ ಕಾಲಿಟ್ಟಿದೆ,” ಅಂದರು ಲೋಲಾಕ್ಷಮ್ಮ. “ಮುಂದಿನ ಯುಗಾದಿಗೆ ದಾಟಿಹೋಗುತ್ತೆ. ಆಮೇಲೆ ಇನ್ನೊಂದು ಬರೋವರೆಗೆ ತಿಂಗಳುಗಟ್ಟಲೆ ಕರೆಂಟಿನ ಬಲ್ಬು. ಬಲ್ಬಿನಲ್ಲಿ ಕಪ್ಪು ಬಟ್ಟೆಗೆ ಕಪ್ಪು ದಾರ ಹಾಕೋಕೆ ನನ್ನ ಕಣ್ಣು ಒಪ್ಪಲ್ಲ. ಹೋದ ಸಲ ಒಬ್ಬರ ರವಿಕೆಯ ತೋಳು ಹಿಂದುಮುಂದಾಗಿ ಹಚ್ಚಿ ಕೊಟ್ಟಿದ್ದೆ. ಅವರು ಜಗಳ ಆಡಿದ್ರೆ ವಾಸಿ ಇತ್ತು. ನಕ್ಕುಬಿಟ್ರು.”

ಕಿಟಕಿಯ ಅಳತೆಯನ್ನು ಅವರೇ ಟೇಪು ಹಿಡಿದು, ಕಾಲಂಗುಲವೂ ತಪ್ಪದಂತೆ ಚೀಟಿಯಲ್ಲಿ ಬರೆದು ತಂದಿದ್ದರು. ನಾನು ಅವರ ಮನೆಗೆ ಹೋಗಬೇಕಾದ ಅಗತ್ಯವೇ ಬೀಳಲಿಲ್ಲ.

ಕಾರ್ಖಾನೆಯ ಅಂಗಳದ ಗೋಡೆಗೆ ಪರೀಕ್ಷೆಗೆಂದು ಹನ್ನೊಂದು ಪುಟ್ಟ ಚೌಕಟ್ಟು ಕೂಡಿಸಿದೆ. ಒಂದೊಂದಕ್ಕೂ ಹೊಟ್ಟು, ಪ್ಲಾಸ್ಟಿಕ್ಕಿನ ಪಾಲು ಬೇರೆ ಬೇರೆ. ಜನ ಬಂದು ನೋಡಿ ಹೋಗುತ್ತಿದ್ದರು. ವಾರ ಕಳೆದ ಮೇಲೆ ಬರುವುದು ಬಿಟ್ಟರು. ಬಿಡದೆ ಬಂದವನು ಒಬ್ಬನೇ, ಹುಚ್ಚೀರಪ್ಪ. ಜಿನ್ನಿಂಗ್ ಮಿಲ್ಲಿನಲ್ಲಿ ಮೂವತ್ತು ವರ್ಷ ಹತ್ತಿ ತುಂಬಿದ ಮನುಷ್ಯ. ಹತ್ತಿಯ ಧೂಳು ಎದೆಗೆ ಸೇರಿ ಕೆಲಸ ಬಿಟ್ಟಿದ್ದ. ನಾಲ್ಕು ಹೆಜ್ಜೆ ನಡೆದರೆ ನಿಂತು ಉಸಿರು ತೆಗೆದುಕೊಳ್ಳಬೇಕು. ಮಧ್ಯಾಹ್ನ ಊಟವಾದ ಮೇಲೆ ನಿಧಾನಕ್ಕೆ ಬಂದು, ಹುಣಸೆಮರದ ಕೆಳಗೆ ಗೋಡೆಗೆ ಮುಖ ಮಾಡಿ ಕೂರುತ್ತಿದ್ದ. ನಾನು ಹೊಟ್ಟು ಹುರಿಯುವ ದಿನ ಮಾತ್ರ ಅವನನ್ನು ಒಳಗೆ ಬಿಡುತ್ತಿರಲಿಲ್ಲ.

“ಏನ್ ತಾಯಿ, ಇವತ್ತು ಐದನೇದು ಹೊರಟಿದೆ,” ಅನ್ನುತ್ತಿದ್ದ.

“ನಿಮಗೆ ಹೆಂಗೆ ಗೊತ್ತಾಯ್ತು ಹುಚ್ಚೀರಣ್ಣ?”

“ನೂಲು ಕಟ್ಟಿದ್ದೀನಲ್ಲ. ಮೊನ್ನೆ ಜೋಲು ಬಿದ್ದಿತ್ತು, ಇವತ್ತು ಬಿಗಿಯಾಗಿದೆ.”

ಪ್ರತಿ ಚೌಕಟ್ಟಿಗೂ ಒಂದು ಮೊಳೆಯಿಂದ ನೂಲು ಕಟ್ಟಿ, ಅದು ಎಷ್ಟು ಬಿಗಿಯಾಯಿತು ಅಂತ ಬೆರಳಲ್ಲಿ ಮೀಟಿ ನೋಡುವುದು ಅವನು ತಾನೇ ಹುಡುಕಿಕೊಂಡ ಉಪಾಯ. ನಾನು ತಿಂಗಳಿಗೊಮ್ಮೆ ಅಳೆಯುವ ಹೊತ್ತಿಗೆ ಅವನ ಹತ್ತಿರ ದಿನದಿನದ ಸುದ್ದಿ ಇರುತ್ತಿತ್ತು. ಓದು ಬರಹ ಬಾರದವನು, ಎಲ್ಲ ಬಾಯಲ್ಲೇ.

ಆರು ತಿಂಗಳಾದರೂ ಲೆಕ್ಕ ಕೂಡಲಿಲ್ಲ. ಹೊಟ್ಟು ಕಡಿಮೆ ಹಾಕಿದವು ನಡೆಯಲಿಲ್ಲ, ಆದರೆ ಬಿಸಿಲಿಗೆ ಬಾಗಿದವು. ಹೊಟ್ಟು ಹೆಚ್ಚಿದ್ದವು ಬಾಗಲಿಲ್ಲ, ಆದರೆ ಮರದ ಹಾಗೇ ನಡೆದವು, ಸ್ವಲ್ಪ ತಡವಾಗಿ ಅಷ್ಟೆ. ಸಮಪಾಲು ಹಾಕಿದ ಎರಡು ಚೌಕಟ್ಟು ಇನ್ನೂ ವಿಚಿತ್ರ. ಒಂದೇ ದಿನ, ಒಂದೇ ಬಾಣಲೆಯ ಹೊಟ್ಟಿನಿಂದ ಮಾಡಿದವು. ಒಂದು ತಿಂಗಳಿಗೆ ಒಂದು ಬೆರಳು ಸರಿಯುತ್ತಿತ್ತು. ಇನ್ನೊಂದು ಕೂಡಿಸಿದ ಕಡೆಯೇ ಇತ್ತು. ನನಗೆ ತಲೆ ಕೆಟ್ಟುಹೋಯಿತು. ಅಪ್ಪ ಜಗಲಿಯ ಮೇಲೆ ಕೂತು, “ಚಕ್ಕುಲೀನೂ ಹಂಗೇ ಕಣೇ. ಒಂದೇ ಹಿಟ್ಟು, ಒಂದು ಗರಿಗರಿ, ಒಂದು ಮೆತ್ತಗೆ,” ಅಂದ.

ಅದನ್ನು ಬಿಡಿಸಿದವನು ಹುಚ್ಚೀರಪ್ಪ. ಒಂದು ಮಧ್ಯಾಹ್ನ ನನ್ನನ್ನು ಕೂಗಿ ಕರೆದ. ಅವನು ಕೂಗುವುದೆಂದರೆ ಕೆಮ್ಮುವುದೇ.

“ಇಲ್ಲಿ ಬಾ. ಕಣ್ಣು ಮುಚ್ಚು. ಇದರ ಮೂಲೆ ಮುಟ್ಟು. ಈಗ ಇದರದ್ದು ಮುಟ್ಟು.”

ಮುಟ್ಟಿದೆ. ಒಂದರ ಮೂಲೆ ಒರಟಾಗಿತ್ತು, ಬೆಕ್ಕಿನ ನಾಲಗೆಯ ಹಾಗೆ. ಇನ್ನೊಂದು ನುಣ್ಣಗಿತ್ತು. ಆಗ ನೆನಪಾಯಿತು. ಎರಡನೆಯದರ ಮೂಲೆ ನನ್ನ ಕೈತಪ್ಪಿನಿಂದ ಸರಿಯಾಗಿ ಕೂತಿರಲಿಲ್ಲ. ಕೊಯ್ದ ತುದಿಗಳನ್ನು ಕಾದ ತಗಡಿಗೆ ಒತ್ತಿ, ಕರಗಿಸಿ, ಒಂದಕ್ಕೊಂದು ಅಂಟಿಸಿದ್ದೆ.

“ಮೈ ಮೇಲೆಲ್ಲ ಪ್ಲಾಸ್ಟಿಕ್ಕು ಹೊದ್ದುಕೊಂಡಿದೆ. ಕೊಯ್ದ ಕಡೆ ಮಾತ್ರ ನಾರು ಹೊರಗೆ ಬಂದಿದೆ,” ಅಂದ ಅವನು, ಮಾತಿನ ನಡುವೆ ಉಸಿರು ತೆಗೆದುಕೊಳ್ಳುತ್ತ. “ನಾರಿಗೆ ಗೋಡೆ ತಾಗಿದ್ರೆ ಹೊರಡುತ್ತೆ. ತಾಗದೆ ಇದ್ರೆ ಅದಕ್ಕೆ ತಾನು ಗೋಡೇಲಿದ್ದೀನಿ ಅನ್ನೋದೇ ಗೊತ್ತಾಗಲ್ಲ.”

ನಾನು ನೆಲದ ಮೇಲೆ ಕೂತುಬಿಟ್ಟೆ. ಇಬ್ಬರೂ ಸುಮ್ಮನೆ ನಗುತ್ತ ಕೂತಿದ್ದೆವು. ಆಮೇಲೆ ಐದು ಹೊಸ ಚೌಕಟ್ಟು ಮಾಡಿ, ನಾಲ್ಕರ ಮೂಲೆ ಕರಗಿಸಿ ಮುಚ್ಚಿ, ಒಂದನ್ನು ಕೊಯ್ದ ಹಾಗೇ ಬಿಟ್ಟು ಕೂಡಿಸಿದೆವು. ಎರಡು ತಿಂಗಳು ಕಾದೆವು. ನಾಲ್ಕು ನಿಂತವು, ಒಂದು ಹೊರಟಿತು. ನೂಲು ಮೀಟಿ ಅದನ್ನು ಮೊದಲು ಹೇಳಿದವನೂ ಅವನೇ. ನನಗೆ ಅವತ್ತು ಊರಿಗೆಲ್ಲ ಕೇಳುವಂತೆ ಕೂಗಬೇಕು ಅನಿಸಿತ್ತು.

ಲೋಲಾಕ್ಷಮ್ಮನ ಕಿಟಕಿ ಸಿದ್ಧವಾಗುವ ಹೊತ್ತಿಗೆ ಯುಗಾದಿ ಸಮೀಪಿಸಿತ್ತು. ಬೆಳಿಗ್ಗೆಯೇ ಚೌಕಟ್ಟನ್ನು ಗಾಡಿಗೆ ಹಾಕಿಸಿಕೊಂಡು ಸಾಲುಮನೆಗೆ ಹೋದೆ. ಅವರದು ಮೂರನೆಯ ಮನೆ. ಹಳೆಯ ಮರದ ಕಿಟಕಿ ನಡೆದು ನಡೆದು ನಾಲ್ಕನೆಯ ಮನೆಯ ಅಡ್ಡಗೋಡೆಗೆ ಒಂದು ಗೇಣು ಉಳಿದಿತ್ತು. ಹೊಲಿಗೆ ಮಿಷನ್ನನ್ನೂ ಅವರು ಅದರ ಜೊತೆಜೊತೆಗೇ ಸರಿಸಿಕೊಂಡು ಬಂದು ಆ ಮೂಲೆಯಲ್ಲಿ ಇಕ್ಕಟ್ಟಾಗಿ ಕೂತಿದ್ದರು. ನಾನು ಹಾರೆ ಎತ್ತಿಕೊಂಡೆ. ಆಗ ಅಡ್ಡಗೋಡೆಯ ಆಚೆಯಿಂದ ಕೆಮ್ಮು ಕೇಳಿಸಿತು. ಮೂರು ಸಣ್ಣ ಕೆಮ್ಮು, ಆಮೇಲೆ ಒಂದು ಉದ್ದ. ವರ್ಷವಿಡೀ ಹುಣಸೆಮರದ ಕೆಳಗೆ ಕೇಳಿದ್ದೆ ಅದನ್ನು.

“ಪಕ್ಕದಲ್ಲಿ ಯಾರಕ್ಕ?”

ಲೋಲಾಕ್ಷಮ್ಮ ಬಟ್ಟೆ ಮಡಿಸುತ್ತಿದ್ದರು. ತಲೆ ಎತ್ತಲಿಲ್ಲ. “ಹುಚ್ಚೀರಪ್ಪನವರು. ಮುಂದಿನ ಸರದಿ ಅವರದ್ದೇ.” ಇನ್ನೊಂದು ಬಟ್ಟೆ ಮಡಿಸಿಟ್ಟು, “ನಂಗೂ ಹೊಟ್ಟೆ ಇದೆ ಅಮರ,” ಅಂದರು.

ಹಾರೆ ಕೆಳಗಿಟ್ಟು ಪಕ್ಕದ ಮನೆಗೆ ಹೋದೆ. ಒಳಗೆ ಹೊಕ್ಕರೆ ಏನೂ ಕಾಣಲಿಲ್ಲ. ಕಣ್ಣು ಹೊಂದಿಕೊಂಡ ಮೇಲೆ ಮಂಚದ ಮೇಲೆ ಕೂತಿದ್ದ ಅವನು ಕಂಡ. ಅವನ ಹೆಂಡತಿ ಗಿರಿಜವ್ವ ಬೀಸಣಿಗೆ ಬೀಸುತ್ತಿದ್ದಳು. ಗೋಡೆಯ ಮೇಲೆ ಇದ್ದಿಲಿನ ಗೀಟುಗಳು, ಕಿಟಕಿ ದಾಟಿಹೋದ ಮೇಲೆ ತಿಂಗಳಿಗೊಂದರಂತೆ. ಎಣಿಸಬೇಕು ಅನಿಸಲಿಲ್ಲ.

“ನಿಮಗೆ ಗೊತ್ತಿತ್ತಾ?” ಅಂದೆ. “ಆ ಕಿಟಕಿ ಯಾರಿಗೆ ಮಾಡ್ತಿದ್ದೀನಿ ಅಂತ?”

“ಮೊದಲ ದಿನದಿಂದ ಗೊತ್ತು. ಆಯಮ್ಮ ಅಳತೆ ತಗೊಳ್ಳೋವಾಗ ಅಂಗುಲ ಎಣಿಸೋದು ಕೇಳ್ತು.”

“ಮತ್ತೆ ಯಾಕೆ ಹೇಳಲಿಲ್ಲ? ಮೂಲೇದು ನೀವೇ ಕಂಡುಹಿಡಿದು ಕೊಟ್ರಲ್ಲ ಹುಚ್ಚೀರಣ್ಣ. ಸುಮ್ಮನಿದ್ದಿದ್ರೆ ನಂಗೆ ಇನ್ನೂ ಎರಡು ವರ್ಷ ಹೊಳೀತಿರಲಿಲ್ಲ.”

ಅವನು ಬಹಳ ಹೊತ್ತು ಉಸಿರು ಕೂಡಿಸಿಕೊಂಡ. “ಸುಮ್ಮನಿರೋಣ ಅಂತ ಒಂದು ದಿನ ಅಂದುಕೊಂಡೆ. ಸುಳ್ಳು ಯಾಕೆ ಹೇಳಲಿ. ಮನೆಗೆ ಬಂದು ಮಲಗಿದೆ. ನಿದ್ದೆ ಬರಲಿಲ್ಲ. ಅದೊಂದು ಸಂಗತಿ ನಂಗೊಬ್ಬನಿಗೇ ಗೊತ್ತು, ಯಾರಿಗೂ ಹೇಳದೆ ಇಟ್ಕೊಂಡಿದ್ದೀನಿ ಅಂದ್ರೆ ಎದೆ ಇನ್ನೂ ಕಟ್ಟಿದಂಗಾಯ್ತು. ಹೋಗು, ಕೂಡಿಸು. ಆರು ಮೊಳದ ಗೋಡೇಲಿ ದೊಡ್ಡ ಕಿಟಕಿ ನಿಲ್ಲುತ್ತೋ ಇಲ್ವೋ, ಅದನ್ನೂ ನೋಡಬೇಕಲ್ಲ.”

ಗಿರಿಜವ್ವ ಬೀಸಣಿಗೆಯನ್ನು ನೆಲಕ್ಕೆ ಕುಕ್ಕಿ ಎದ್ದು ಒಳಗೆ ಹೋದಳು. ನನ್ನ ಮುಖ ನೋಡಲಿಲ್ಲ.

ನಾನು ಕೂಡಿಸಿದೆ. ಇಂದಿಗೂ ಯೋಚಿಸುತ್ತೇನೆ, ಅವನು ಹೇಳಿದ ಅಂತ ಕೂಡಿಸಿದೆನೋ, ನನಗೇ ನೋಡುವ ಆಸೆ ಇತ್ತೋ ಅಂತ. ಆಸೆ ಇತ್ತು. ಸಂಜೆ ಅಪ್ಪನಿಗೆ ಎಲ್ಲ ಹೇಳಿದೆ. ಅವನು ಉಳಿ ಮಸೆಯುತ್ತಿದ್ದವನು ನಿಲ್ಲಿಸಿ, “ಆ ಸಾಲಲ್ಲಿ ನಲವತ್ತು ವರ್ಷ ಕಿಟಕಿ ಕಿತ್ತಿದ್ದೀನಿ, ಕೂಡಿಸಿದ್ದೀನಿ. ಯಾರ ಮನೆ ಕತ್ತಲೆ ಅಂತ ಒಂದು ಸಲವೂ ಕೇಳಿಲ್ಲ. ತಾನೇ ನಡೆಯೋದರ ತಪ್ಪು ಯಾರ ಮೇಲೂ ಬರ್ತಿರಲಿಲ್ಲ. ಈಗ ಬರುತ್ತೆ ನೋಡು,” ಅಂದ. ಬೈಯಲೂ ಇಲ್ಲ, ಸಮಾಧಾನವನ್ನೂ ಹೇಳಲಿಲ್ಲ.

ಕಿಟಕಿ ನಿಂತಿತು. ಒಂದು ತಿಂಗಳು, ಎರಡು ತಿಂಗಳು, ಕೂದಲೆಳೆಯಷ್ಟೂ ಕದಲಲಿಲ್ಲ. ಲೋಲಾಕ್ಷಮ್ಮ ಮಿಷನ್ನನ್ನು ನೆಲಕ್ಕೆ ಸಿಮೆಂಟು ಹಾಕಿ ಭದ್ರ ಮಾಡಿಸಿಕೊಂಡರು. ಊರಲ್ಲಿ ಹಾಗೆ ಮಾಡಿದವರು ಅವರೇ ಮೊದಲು. ದೂರದ ಬೀದಿಗಳಿಂದ ಜನ ಬಂದು ಕಿಟಕಿಯನ್ನು ಮುಟ್ಟಿ, ಮೂಸಿ, ಗುದ್ದಿ ನೋಡಿ ನನ್ನ ಕಾರ್ಖಾನೆಗೆ ಬರುತ್ತಿದ್ದರು. ಕೈತುಂಬ ಕೆಲಸ. ಹುಚ್ಚೀರಪ್ಪ ಮಾತ್ರ ಬರುವುದು ನಿಲ್ಲಿಸಿದ. ಅಷ್ಟು ದೂರ ನಡೆಯಲು ಈಗ ಆಗುತ್ತಿಲ್ಲವಂತೆ ಅಂತ ಯಾರೋ ಹೇಳಿದರು.

ಕಿಟಕಿಯ ಹಿಂದೆ ಇನ್ನೊಂದು ಕಿಟಕಿ ಬರುತ್ತಿದೆ ಅನ್ನುವುದನ್ನು ನಾನು ಯೋಚಿಸಿಯೇ ಇರಲಿಲ್ಲ. ನಾನು ಮಾತ್ರವಲ್ಲ, ಯಾರೂ ಯೋಚಿಸಿರಲಿಲ್ಲ. ಎರಡನೆಯ ಮನೆಯಲ್ಲಿದ್ದ ಮರದ ಕಿಟಕಿ ಎಂಟು ತಿಂಗಳಲ್ಲಿ ಅಡ್ಡಗೋಡೆ ದಾಟಿ ಲೋಲಾಕ್ಷಮ್ಮನ ಮನೆಗೆ ಬಂತು. ಬಂದು, ನಿಂತ ಕಿಟಕಿಯ ಪಕ್ಕಕ್ಕೆ ತಾಗಿ, ತಾನೂ ನಿಂತುಬಿಟ್ಟಿತು. ಮಧ್ಯಾಹ್ನದ ಬಿಸಿಲಿಗೆ ಒಮ್ಮೊಮ್ಮೆ ಕಿರ್ ಅನ್ನುತ್ತಿತ್ತು, ಅಷ್ಟೆ. ಆರನೆಯ ಮನೆಯಲ್ಲಿದ್ದದ್ದು ಅಷ್ಟರಲ್ಲಿ ಕೊನೆ ಮುಟ್ಟಿ, ಅದನ್ನು ಕಳಚಿ ಮೊದಲ ಮನೆಗೆ ಕೂಡಿಸಿಯಾಗಿತ್ತು. ಈಗ ಲೆಕ್ಕ ನೋಡಿ. ಮೊದಲ ಮನೆಗೆ ಒಂದು ಕಿಟಕಿ, ಮೂರನೆಯ ಮನೆಗೆ ಎರಡು. ನಾಲ್ಕು, ಐದು, ಆರಕ್ಕೆ ಒಂದೂ ಇಲ್ಲ. ಇನ್ನು ಬರುವುದೂ ಇಲ್ಲ.

ಐದು ಮತ್ತು ಆರನೆಯ ಮನೆಯವರು ಕಾರ್ಖಾನೆಗೆ ಬಂದು ನಿಂತರು. “ನಮಗೂ ಒಂದೊಂದು ನಿಲ್ಲೋ ಕಿಟಕಿ ಮಾಡಿಕೊಡು,” ಅಂದರು. “ಗೋಡೆ ತಾಳಲ್ಲ,” ಅಂದೆ. “ಹಂಗಾದ್ರೆ ಆ ಒಂದನ್ನ ಕಿತ್ತುಹಾಕು,” ಅಂದರು. “ಅದು ಲೋಲಕ್ಕ ಹೇಳಬೇಕು,” ಅಂದೆ. ಆ ಮಾತು ಬಾಯಿಂದ ಬಂದ ಮೇಲೆ ನನಗೇ ನಾಚಿಕೆಯಾಯಿತು. ಮಾಡಿದವಳು ನಾನು, ಹೇಳಬೇಕಾದವರು ಅವರು.

ಲೋಲಾಕ್ಷಮ್ಮ ಮಾರನೆಯ ದಿನವೇ ಬಂದರು. ಯಾರೂ ಅವರನ್ನು ಕಳಿಸಿದ್ದಲ್ಲ. ಟೇಪು ಕುತ್ತಿಗೆಯಲ್ಲಿರಲಿಲ್ಲ, ಹಾಗಾಗಿ ಬೇರೆ ಯಾರೋ ಅನ್ನುವ ಹಾಗೆ ಕಂಡರು.

“ಎರಡು ಕಿಟಕಿಯ ಬೆಳಕು ಹೇಗಿರುತ್ತೆ ಗೊತ್ತೇನೆ? ನನ್ನ ಹೊಲಿಗೆಯ ತಪ್ಪೆಲ್ಲ ಕಾಣುತ್ತೆ,” ಅಂದು ನಗಲು ನೋಡಿದರು. ಆಮೇಲೆ, “ರಾತ್ರಿ ಹಗಲು ಆ ಕೆಮ್ಮು. ಮೊದಲೂ ಕೇಳ್ತಿತ್ತು. ಆಗ ಅದು ಅವರ ಕೆಮ್ಮು. ಈಗ ಪ್ರತಿ ಸಲವೂ ನನ್ನ ಹೆಸರು ಹಿಡಿದು ಕೂಗಿದ ಹಾಗಿದೆ. ಮೊನ್ನೆ ಗಿರಿಜವ್ವ ಬಂದು ಬಾಗಿಲಲ್ಲಿ ನಿಂತಳು. ಜಗಳಕ್ಕೆ ಬಂದಳು ಅಂದುಕೊಂಡೆ. ‘ಕೊಂಚ ಹೊತ್ತು ನಮ್ಮವರನ್ನ ನಿಮ್ಮ ಮನೇಲಿ ಕೂರಿಸಲಾ ಅಕ್ಕ’ ಅಂದಳು. ಕೂರಿಸಿದಳು. ಆತ ಏನು ಮಾಡಿದ ಗೊತ್ತಾ? ಎರಡು ಕಿಟಕಿ ತಾಗಿರೋ ಸಂದೀಲಿ ಬೆರಳಿಟ್ಟು, ‘ಇದು ತಳ್ತಿಲ್ಲ ಲೋಲಮ್ಮ, ಸುಮ್ನೆ ಕಾಯ್ತಿದೆ’ ಅಂದ. ಅವನ ತುಟಿ ನೀಲಿಯಾಗಿತ್ತು, ಅವನು ಅದನ್ನ ಹೇಳ್ತಿದ್ದ.”

“ಕಿತ್ತುಬಿಡಲಾ ಅಕ್ಕ?”

“ಕೀಳು. ಆದ್ರೆ ಬಿಸಾಡಬೇಡ. ರಾತ್ರಿ ಒಂದು ಯೋಚನೆ ಬಂತು, ಸರಿಯೋ ತಪ್ಪೋ ನೀನು ಹೇಳು. ಒಂದು ರವಿಕೆ ಬಿಗಿ ಅಂತ ಯಾರಾದ್ರೂ ತಂದ್ರೆ ನಾನು ಮೇಲಿನ ಬಟ್ಟೆಗೆ ಕೈ ಹಚ್ಚಲ್ಲ. ಒಳಗೆ ಕಂಕುಳಲ್ಲಿ ಹೊಲಿಗೆ ಬಿಚ್ಚಿ ಒಂದು ತುಂಡು ಸೇರಿಸ್ತೀನಿ. ಹೊರಗಿನ ಗೋಡೆ ತಾಳಲ್ಲ ಅಂತೀಯಲ್ಲ. ಒಳಗಿನ ಗೋಡೆ? ನನ್ನ ಮನೆಗೂ ಅವರ ಮನೆಗೂ ನಡುವೆ ಇರೋದು?”

ನಾನು ಉತ್ತರ ಹೇಳುವ ಮೊದಲೇ ಜಗಲಿಯಿಂದ ಅಪ್ಪನ ದನಿ ಬಂತು. “ಅಡ್ಡಗೋಡೆ ಬಿದಿರು ತಟ್ಟಿಯದ್ದು. ಮೇಲೆ ಮಣ್ಣು ಮೆತ್ತಿದೆ. ಮಾಡಿನ ಭಾರ ಅದರ ಮೇಲಿಲ್ಲ.” ಅಪ್ಪ ಕೋಲೂರಿಕೊಂಡು ಒಳಗೆ ಬಂದ. “ಮರದ ಕಿಟಕಿ ಅಲ್ಲಿ ಇಟ್ರೆ ನಡೆದು ನಡೆದು ತಟ್ಟಿಯನ್ನೇ ಹರಿದುಹಾಕುತ್ತೆ. ಅದಕ್ಕೇ ಯಾರೂ ಇಟ್ಟಿಲ್ಲ. ನಿಲ್ಲೋ ಕಿಟಕಿ ಆದ್ರೆ…” ಮಾತು ಮುಗಿಸದೆ ನನ್ನ ಯಂತ್ರದ ಕಡೆ ನೋಡಿದ. ಸೆಗಣಿ ಹಲಗೆ ಅನ್ನಲಿಲ್ಲ.

ನಿಂತ ಕಿಟಕಿಯನ್ನು ಅವತ್ತೇ ಕಿತ್ತು, ಅದರ ಕಂಡಿಯನ್ನು ಮಣ್ಣು ತುಂಬಿ ಮುಚ್ಚಿದೆ. ಪಕ್ಕದಲ್ಲಿ ಕಾಯುತ್ತಿದ್ದ ಮರದ ಕಿಟಕಿ ಮೂರನೆಯ ದಿನಕ್ಕೆಲ್ಲ ಹೊರಟಿತ್ತು. ಲೋಲಾಕ್ಷಮ್ಮನ ಮನೆಯಿಂದ ಹಿಂದೆ ಕಳಚಿಟ್ಟಿದ್ದ ಹಳೆಯದನ್ನೂ ಮೊದಲ ಮನೆಗೆ ಕೂಡಿಸಿದೆ, ಹೊರಗೋಡೆಗೆ ಮತ್ತೆ ಮೂರೂ ಆದವು. ಆಮೇಲೆ ಅಡ್ಡಗೋಡೆಗೆ ಕೈ ಹಾಕಿದೆ. ಹಾರೆಯ ಮೊದಲ ಏಟು ತಾನೇ ಹಾಕುತ್ತೇನೆ ಅಂತ ಲೋಲಾಕ್ಷಮ್ಮ ಹಟ ಹಿಡಿದರು. ಹಾರೆ ಹಿಡಿಯಲು ಬರದೆ ಹಿಟ್ಟಿನ ಕೋಲಿನ ಹಾಗೆ ಹಿಡಿದುಕೊಂಡು ಕುಟ್ಟಿದರು. ಮಣ್ಣು ಉದುರಿ ತಟ್ಟಿ ಕಂಡಿತು. ತಟ್ಟಿಯ ಸಂದಿಯಿಂದ ಹುಚ್ಚೀರಪ್ಪನ ಒಂದು ಕಣ್ಣು ಕಂಡಿತು.

“ನಿಧಾನ ಲೋಲಮ್ಮ, ನನ್ನ ಮೂಗು ಇಲ್ಲೇ ಇದೆ,” ಅಂದ.

ಸಂಜೆಯ ಹೊತ್ತಿಗೆ ಚೌಕಟ್ಟು ಕೂತಿತು. ಲೋಲಾಕ್ಷಮ್ಮನ ಮನೆಗೆ ಬಂದ ಬೆಳಕಿನಲ್ಲಿ ಅರ್ಧ, ಗಾಳಿಯಲ್ಲಿ ಅರ್ಧಕ್ಕಿಂತ ಹೆಚ್ಚು, ಹುಚ್ಚೀರಪ್ಪನ ಮಂಚದ ಮೇಲೆ ಬಿತ್ತು. ಗಿರಿಜವ್ವ ಬೀಸಣಿಗೆ ಎಲ್ಲಿಟ್ಟಳೋ ಕಾಣಲಿಲ್ಲ. ನನ್ನ ಕೈಗೆ ಒಂದು ಲೋಟ ಮಜ್ಜಿಗೆ ಕೊಟ್ಟಳು. ಈ ಸಲ ಮುಖ ನೋಡಿ ಕೊಟ್ಟಳು.

ತೊಂದರೆ ಇರಲಿಲ್ಲ ಅಂತಲ್ಲ. ಗಂಡ ಹೆಂಡಿರ ಮಾತೆಲ್ಲ ಲೋಲಾಕ್ಷಮ್ಮನಿಗೆ ಕೇಳುತ್ತಿತ್ತು, ಇವರ ಮಿಷನ್ನಿನ ಸದ್ದಿಗೆ ಅವರಿಗೆ ಮಧ್ಯಾಹ್ನದ ನಿದ್ದೆ ಹೋಯಿತು. ಇವರು ಪರದೆ ಹೊಲಿದರು, ಅವರು ಬೇಳೆ ಬೇಯಿಸುವಾಗ ಕದ ಹಾಕಿಕೊಂಡರು. ಒಂದು ದಿನ ಪರದೆಯ ವಿಷಯಕ್ಕೇ ಜಗಳವಾಗಿ ಎರಡು ವಾರ ಕಿಟಕಿ ಮುಚ್ಚಿತ್ತು ಅಂತಲೂ ಕೇಳಿದೆ. ಆದರೆ ಮರದ ಕಿಟಕಿ ನಡೆಯುತ್ತ ಲೋಲಾಕ್ಷಮ್ಮನ ಮನೆಯಿಂದ ಹುಚ್ಚೀರಪ್ಪನ ಮನೆಗೆ ದಾಟಿದ ಮೇಲೆ ಬೆಳಕು ಹಿಂದಕ್ಕೆ ಬರಬೇಕಾಯಿತು. ಆಗ ಲೋಲಾಕ್ಷಮ್ಮ ಸಿಮೆಂಟು ಒಡೆಸಿ ಮಿಷನ್ನನ್ನು ಅಡ್ಡಗೋಡೆಯ ಕಿಟಕಿಗೆ ತಂದಿಟ್ಟುಕೊಂಡರು. ಸೂಜಿಗೆ ದಾರ ಹೋಗದಿದ್ದರೆ ಆಚೆಗೆ ಚಾಚುತ್ತಿದ್ದರು, ಗಿರಿಜವ್ವ ಪೋಣಿಸಿ ಕೊಡುತ್ತಿದ್ದಳು.

ಉಳಿದ ನಾಲ್ಕು ಅಡ್ಡಗೋಡೆಗಳಿಗೂ ಕಿಟಕಿ ಬೇಕು ಅಂತ ಮನೆಯವರೆಲ್ಲ ಒಪ್ಪಲು ಅರ್ಧ ವರ್ಷ ಹಿಡಿಯಿತು. ಐದನೆಯ ಮತ್ತು ಆರನೆಯ ಮನೆಯವರಿಗೆ ಮಾತು ಬಿಟ್ಟು ಬಹಳ ಕಾಲವಾಗಿತ್ತು, ಅವರದ್ದೇ ಕೊನೆಗೆ ಉಳಿಯಿತು. ಕೊನೆಗೆ ಸೆಖೆ ತಾಳಲಾರದೆ ಆರನೆಯ ಮನೆಯಾಕೆ, “ಕದ ನನ್ನ ಕಡೆ ಇರಬೇಕು, ಅಗುಳಿ ನನ್ನ ಕೈಗೆ ಸಿಗಬೇಕು,” ಅಂತ ಹೇಳಿ ಕಳಿಸಿದಳು. ಐದನೆಯವರೂ ಅದನ್ನೇ ಹೇಳಿ ಕಳಿಸಿದರು. ಎರಡು ಕದ, ಎರಡು ಅಗುಳಿ ಮಾಡಿದೆ.

ಅದನ್ನು ಕೂಡಿಸಿದ ದಿನ ಮರದ ಕಿಟಕಿಗಳಲ್ಲಿ ಒಂದು ಮೊದಲ ಮನೆಯಲ್ಲಿತ್ತು, ಬಯಲಿನ ಗಾಳಿ ನೇರ ಅದಕ್ಕೆ ಹೊಡೆಯುತ್ತಿತ್ತು. ಉಳಿದ ಎರಡನ್ನು ಆ ಹೊತ್ತಿಗೆ ಮುಚ್ಚಿಸಿದವನು ಹುಚ್ಚೀರಪ್ಪ. ಒಂದೇ ಕಿಟಕಿಯ ಗಾಳಿ ಆರು ಮನೆ ದಾಟುತ್ತದೋ ಇಲ್ಲವೋ ನೋಡಬೇಕಂತೆ. ಯಾರೂ ಬೇಡ ಅನ್ನಲಿಲ್ಲ. ಮಕ್ಕಳನ್ನು ಸುಮ್ಮನಿರಿಸಿದರು. ಅಪ್ಪನೂ ಗಾಡಿಯಲ್ಲಿ ಬಂದಿದ್ದ, ಮೊದಲ ಮನೆಯಲ್ಲಿ ಕೂತಿದ್ದ, ಕಿಟಕಿ ತೆಗೆಯುವ ಕೆಲಸ ಅವನದು. ನಾನು ಆರನೆಯ ಮನೆಯಲ್ಲಿ ನಿಂತಿದ್ದೆ. ಆ ಮನೆಯಾಕೆ ನಂಬಿಕೆಯಿಲ್ಲದವಳ ಹಾಗೆ ನೆಲಕ್ಕೆ ಕೂತು ಮೊರದಲ್ಲಿ ಸಜ್ಜೆ ಕೇರುತ್ತಿದ್ದಳು. ಐದು ಚೌಕಟ್ಟು ಒಂದರ ಹಿಂದೆ ಒಂದು ಸಾಲಾಗಿ ಕಾಣುತ್ತಿದ್ದವು, ಒಂದೊಂದರಲ್ಲೂ ಒಂದೊಂದು ಮುಖ.

“ತೆಗೀರಿ ಆಚಾರೇ,” ಅಂದ ಹುಚ್ಚೀರಪ್ಪ ನಾಲ್ಕನೆಯ ಮನೆಯಿಂದ.

ದೂರದಲ್ಲಿ ಅಗುಳಿಯ ಸದ್ದಾಯಿತು. ಏನೂ ಆಗಲಿಲ್ಲ. ಆಮೇಲೆ ಎರಡನೆಯ ಮನೆಯ ಪರದೆ ಉಬ್ಬಿತು. ಲೋಲಾಕ್ಷಮ್ಮ ಕೈಯಿಂದ ಕಣ್ಣಿಗೆ ಬಿದ್ದ ಕೂದಲು ಸರಿಸಿಕೊಂಡರು. ಐದನೆಯ ಮನೆಯಲ್ಲಿ ಯಾರೋ ಓಹ್ ಅಂದರು. ನನ್ನ ಕಾಲ ಬಳಿ ಮೊರದಲ್ಲಿದ್ದ ಸಜ್ಜೆಯ ಹೊಟ್ಟು, ಆಕೆ ಇನ್ನೂ ಮೊರ ಎತ್ತದೆಯೇ, ಎದ್ದು ಗೋಡೆಯ ಕಡೆ ಹಾರಿತು. ಆಕೆ ಮೊರ ಹಿಡಿದ ಕೈ ಹಾಗೇ ಇಟ್ಟುಕೊಂಡು ನನ್ನನ್ನು ನೋಡಿದಳು.

“ಬಂತಾ?” ಅಂತ ಹುಚ್ಚೀರಪ್ಪ ಕೂಗಿದ.

ನಾನು ಬಾಯಿ ತೆರೆಯುವುದರೊಳಗೆ ಆಕೆ, ಐದನೆಯ ಮನೆಯ ಮೇಲಿಂದ, ವರ್ಷಗಳಿಂದ ಆ ಕಡೆಗೆ ಒಂದು ಮಾತೂ ಆಡದವಳು, ಗಟ್ಟಿಯಾಗಿ ಕೂಗಿ ಹೇಳಿದಳು. “ಬಂತು ಕಣಪ್ಪಾ, ಬಂತು!”

ಸಾಲಿನುದ್ದಕ್ಕೂ ಗಲಾಟೆ ಎದ್ದಿತು. ಅದರ ನಡುವೆ ಹುಚ್ಚೀರಪ್ಪನ ದನಿ ಮತ್ತೆ ಕೇಳಿಸಿತು, ತಡೆತಡೆದು.

“ಎಷ್ಟು ಎಣಿಸೋದರಲ್ಲಿ ಬಂತು? ಯಾರಾದ್ರೂ ಎಣಿಸಿದ್ರಾ? ಇಲ್ವಾ? ಆಚಾರೇ, ಮುಚ್ಚಿ. ಇನ್ನೊಂದು ಸಲ ತೆಗೀರಿ. ಈ ಸಲ ನಾನು ಎಣಿಸ್ತೀನಿ.”